ವಿಮಾನ ಬಿದ್ದ ಮೇಲೆ ಕಾಯುವುದಾ, ನಡೆಯುವುದಾ? ಯುದ್ಧಕಾಲದ ಬದುಕುಳಿದವರಿಂದ ಕಲಿಯಬೇಕಾದ ಹಂತಗಳು

ಎರಡನೇ ಮಹಾಯುದ್ಧದಲ್ಲಿ ಕಾಡಿಗೋ ಹಿಮಕ್ಕೋ ಬಿದ್ದ ವಿಮಾನಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ: "ಬದುಕುಳಿದವರು ಅಲ್ಲೇ ಯಾಕೆ ಕೂತರು? ನಡೆದು ಬರಬಹುದಿತ್ತಲ್ವಾ?" ಅದರ ಬೆನ್ನಿಗೇ ಇನ್ನೊಂದು: "ನಮಗೇ ಹಾಗಾದರೆ ಏನು ಮಾಡಬೇಕು?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ವಿಮಾನವೇ ಬೀಳಬೇಕು ಅಂತೇನಿಲ್ಲ. ಹಿಮಾಲಯದ ಚಾರಣದಲ್ಲಿ ಗುಂಪಿನಿಂದ ಬೇರೆಯಾದವರಿಗೂ, ಜನವಸತಿ ಇಲ್ಲದ ಕಡೆ ಗಾಡಿ ಕೆಟ್ಟು ನಿಂತವರಿಗೂ ಇದರಲ್ಲಿ ಹೆಚ್ಚಿನದು ಹಾಗೇ ಹೊಂದುತ್ತದೆ.

ಸಾಮಾನ್ಯವಾಗಿ ಉತ್ತರ "ಕಾಯಿರಿ" ಅಂತಲೇ. ಆದರೆ ಕಾಯುವುದೆಂದರೆ ಸುಮ್ನೆ ಕೂತು ಆಕಾಶ ನೋಡುವುದಲ್ಲ. ಹುಡುಕುವವರ ಕಣ್ಣಿಗೆ ಬೀಳುವ ಹಾಗೆ ಮಾಡಿಕೊಳ್ಳುವುದು, ಅವರು ಬರುವವರೆಗೆ ಜೀವ ಹಿಡಿದುಕೊಂಡಿರುವುದು, ಎರಡೂ ದಿನವಿಡೀ ಮಾಡುವ ಕೆಲಸ.

ಮೊದಲು ಏನೇನು ಬೇಕು?

ಅಪಘಾತದ ಹೊತ್ತಲ್ಲಿ ಬ್ಯಾಗು ಕೈಗೆ ಸಿಗುವುದಿಲ್ಲ. ಮೈಮೇಲೆ, ಜೇಬಲ್ಲಿ ಇದ್ದದ್ದಷ್ಟೇ ಉಳಿಯುತ್ತದೆ. 1943ರ ಡಿಸೆಂಬರ್ 21ರಂದು ಅಲಾಸ್ಕಾದಲ್ಲಿ ಒಂದು ಬಿ-24 ಬಾಂಬರ್ ಬಿತ್ತು. ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದವರಲ್ಲಿ ಬದುಕಿ ಬಂದದ್ದು ಲಿಯಾನ್ ಕ್ರೇನ್ ಒಬ್ಬನೇ. ಅವನ ಜೇಬಲ್ಲಿ ಬೆಂಕಿಕಡ್ಡಿ ಇತ್ತು, ಚಾಕು ಇತ್ತು. ಉಣ್ಣೆಯ ಕೈಗವಸು ಮಾತ್ರ ವಿಮಾನದಲ್ಲೇ ಉಳಿದಿತ್ತು. ನಡುಚಳಿಗಾಲದ ಅಲಾಸ್ಕಾದಲ್ಲಿ ಬರಿಗೈ ಅಂದರೆ ಏನು ಅಂತ ಊಹಿಸಿಕೊಳ್ಳಿ.

ಹಾಗಾಗಿ ಚಾರಣಕ್ಕೆ ಹೊರಟಾಗ ಇವು ಬ್ಯಾಗಲ್ಲಲ್ಲ, ಪ್ಯಾಂಟು ಅಥವಾ ಜಾಕೆಟ್ಟಿನ ಜೇಬಲ್ಲಿ ಇರಲಿ:

- ಲೈಟರ್ ಅಥವಾ ಪ್ಲಾಸ್ಟಿಕ್ಕಲ್ಲಿ ಸುತ್ತಿದ ಬೆಂಕಿಪೊಟ್ಟಣ
- ಸೀಟಿ
- ಚಿಕ್ಕ ಕನ್ನಡಿ
- ಮಡಿಚುವ ಚಾಕು
- ಹಳದಿ ಅಥವಾ ಕಿತ್ತಳೆ ಬಣ್ಣದ ತೆಳು ಬಟ್ಟೆ
- ಒಂದು ಹಿಡಿ ಸಕ್ಕರೆ ಮಿಠಾಯಿ

ಚಾಕು, ಬೆಂಕಿಪೊಟ್ಟಣವನ್ನು ವಿಮಾನದ ಕ್ಯಾಬಿನ್ ಒಳಗೆ ಬಿಡುವುದಿಲ್ಲ. ಆ ಪಟ್ಟಿ ಚಾರಣಕ್ಕೆ ಮಾತ್ರ.

ಎಚ್ಚರಿಕೆ: ವಿದೇಶದಿಂದ ತಂದ ಸ್ಯಾಟಲೈಟ್ ಫೋನ್ ಜೇಬಲ್ಲಿದ್ದರೆ ಸಾಕು ಅಂದುಕೊಳ್ಳಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಪೊಲೀಸ್ ಕೇಸಾಗುತ್ತದೆ. ಹೊರದೇಶದ ಪ್ರವಾಸಿಗರು ಇದರಿಂದ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ಅದಕ್ಕಿಂತ ಸುಲಭದ ದಾರಿ ಇದೆ: ಎಲ್ಲಿಗೆ ಹೋಗುತ್ತೀರಿ, ಯಾವ ದಾರಿಯಲ್ಲಿ, ಯಾವತ್ತು ವಾಪಸ್ ಅಂತ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ.

ಹಂತ 1: ದೂರ ಹೋಗಿ, ಆಮೇಲೆ ವಾಪಸ್ ಬನ್ನಿ

ಇಂಧನ ಸೋರುತ್ತಿರುತ್ತದೆ. ಎಂಜಿನ್ ಬಿಸಿ ಇರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ಸರಿದು ನಿಲ್ಲಿ, ಹೊಗೆ ಬೆಂಕಿ ನಿಮ್ಮ ಮೇಲೆ ಬರುವುದಿಲ್ಲ. ಎಂಜಿನ್ ತಣ್ಣಗಾಗಿ ಇಂಧನದ ವಾಸನೆ ಹೋಗುವವರೆಗೆ ಹತ್ತಿರ ಸುಳಿಯಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ.

ಆ ಹೊತ್ತಲ್ಲಿ ತಲೆ ಎಣಿಸಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಸುಟ್ಟ ಗಾಯಕ್ಕೆ ಶುದ್ಧವಾದ ತಣ್ಣೀರು ಹರಿಸಿ, ಒಣ ಬಟ್ಟೆ ಸಡಿಲವಾಗಿ ಸುತ್ತಿ. ಟೂತ್‌ಪೇಸ್ಟ್, ತುಪ್ಪ, ಅರಿಸಿನ, ಇಂಕು ಯಾವುದೂ ಬೇಡ. ನಮ್ಮ ಕಡೆ ಈ ಅಭ್ಯಾಸ ಜಾಸ್ತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. 1945ರ ಮೇ 13ರಂದು ನ್ಯೂಗಿನಿಯ ಬೆಟ್ಟಕ್ಕೆ ಬಡಿದ ಅಮೆರಿಕದ ಸಿ-47 ವಿಮಾನದಲ್ಲಿ 24 ಜನರಿದ್ದರು. ಕೊನೆಗೆ ಉಳಿದದ್ದು ಮೂವರು: ಮಾರ್ಗರೆಟ್ ಹೇಸ್ಟಿಂಗ್ಸ್, ಜಾನ್ ಮೆಕಾಲಮ್, ಕೆನೆತ್ ಡೆಕರ್. ಮಾರ್ಗರೆಟ್ ಮತ್ತು ಡೆಕರ್ ಬೆಂಕಿಯಿಂದ ಪಾರಾದರು ನಿಜ, ಆದರೆ ಆಮೇಲೆ ಜೀವಕ್ಕೆ ಅಪಾಯ ತಂದದ್ದು ಕೊಳೆಯತೊಡಗಿದ ಸುಟ್ಟ ಗಾಯಗಳೇ.

ಬೆಂಕಿ ಆರಿದ ಮೇಲೆ ವಿಮಾನಕ್ಕೆ ವಾಪಸ್ ಬನ್ನಿ. ಬಿದ್ದ ವಿಮಾನವೇ ನಿಮ್ಮ ಉಗ್ರಾಣ. ಟಾರ್ಪಾಲು, ವೈರು, ಸೀಟಿನ ಸ್ಪಂಜು, ತಗಡು, ಎಂಜಿನ್ ಎಣ್ಣೆ, ಬ್ಯಾಟರಿ ಎಲ್ಲವೂ ಉಪಯೋಗಕ್ಕೆ ಬರುತ್ತದೆ. ಸತ್ತವರ ಬೂಟು, ಜಾಕೆಟ್ ತೆಗೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆದರೂ ತೆಗೆದುಕೊಳ್ಳಿ. ಮಾರ್ಗರೆಟ್ ನಡೆದದ್ದು ಸತ್ತ ಗೆಳತಿಯ ಬೂಟು ಹಾಕಿಕೊಂಡೇ.

ಹಂತ 2: ಮೂರು ಪ್ರಶ್ನೆ ಕೇಳಿಕೊಳ್ಳಿ

ಜನ ಎಡವುವುದು ಇಲ್ಲೇ ಜಾಸ್ತಿ. ಮೊದಲ ದಿನ ಮೈಯಲ್ಲಿ ಶಕ್ತಿ ಇರುತ್ತದೆ, ತಲೆಯಲ್ಲಿ ಗಾಬರಿ ಇರುತ್ತದೆ. ಎರಡೂ ಸೇರಿದರೆ ಕಾಲು ತಾನಾಗಿ ನಡೆಯತೊಡಗುತ್ತದೆ. ಒಂದು ಕಡೆ ಕೂತು ಇವನ್ನು ಕೇಳಿಕೊಳ್ಳಿ.

*ಒಂದು: ನಾನು ಎಲ್ಲಿದ್ದೇನೆ ಅಂತ ಬೇರೆ ಯಾರಿಗಾದರೂ ಗೊತ್ತಿದೆಯಾ?*

1943ರ ಆಗಸ್ಟ್ 2. ಅಸ್ಸಾಮಿನ ಛಬುವಾದಿಂದ ಚೀನಾದ ಕುನ್ಮಿಂಗ್ ಕಡೆಗೆ ಹೊರಟ ಒಂದು ಸಿ-46 ವಿಮಾನದ ಎಂಜಿನ್ ಕೆಟ್ಟಿತು. ಹಿಮಾಲಯದ ಪೂರ್ವದ ಅಂಚನ್ನು ದಾಟುವ ಈ ಮಾರ್ಗವನ್ನು ಪೈಲಟ್‌ಗಳು 'ಹಂಪ್' ಎನ್ನುತ್ತಿದ್ದರು. ಆ ದಿನ ವಿಮಾನದಲ್ಲಿದ್ದ 21 ಜನರಲ್ಲಿ 20 ಮಂದಿ ಪ್ಯಾರಾಚೂಟಲ್ಲಿ ನಾಗಾ ಬೆಟ್ಟಗಳ ಮೇಲೆ ಇಳಿದು ಬದುಕಿದರು. ಪತ್ರಕರ್ತ ಎರಿಕ್ ಸೆವರೈಡ್ ಅವರಲ್ಲೊಬ್ಬರು. ಅವರ ಅದೃಷ್ಟ ಅಂದರೆ ರೇಡಿಯೋ ಆಪರೇಟರ್. ಹಾರುವ ಮೊದಲು ಆತ ವಿಮಾನದ ಸ್ಥಾನ ತಿಳಿಸಿದ್ದ. ಸ್ವಲ್ಪ ಹೊತ್ತಲ್ಲೇ ತಲೆ ಮೇಲೆ ವಿಮಾನ ಬಂತು, ಸಾಮಾನು ಉದುರಿತು. ಅದೇ ದಿನ ಡಾಕ್ಟರ್ ಡಾನ್ ಫ್ಲಿಕಿಂಜರ್ ಇಬ್ಬರು ಸಹಾಯಕರ ಜೊತೆ ಪ್ಯಾರಾಚೂಟಲ್ಲಿ ಧುಮುಕಿದರು, ಕಾಲು ಮುರಿದುಕೊಂಡಿದ್ದ ಅದೇ ರೇಡಿಯೋ ಆಪರೇಟರ್‌ಗೆ ಚಿಕಿತ್ಸೆ ಕೊಡಲು. ಹೀಗಿದ್ದಾಗ ಕಾಯುವುದೇ ಸರಿ. ಅವರು ಕಾದರು. ಮೊಕೊಕ್‌ಚುಂಗ್‌ನಿಂದ ಬ್ರಿಟಿಷ್ ಅಧಿಕಾರಿ ಫಿಲಿಪ್ ಆಡಮ್ಸ್ ನಾಗಾ ಜನರ ತಂಡದೊಂದಿಗೆ ಬೆಟ್ಟ ಹತ್ತಿಳಿದು ಬಂದ ಮೇಲೆಯೇ ಹೊರಟರು.

*ಎರಡು: ನಾನು ಎಲ್ಲಿದ್ದೇನೆ ಅಂತ ನನಗೆ ಗೊತ್ತಿದೆಯಾ?*

ಅಂದಾಜು ಲೆಕ್ಕಕ್ಕಿಲ್ಲ. ಖಚಿತವಾಗಿ ಗೊತ್ತಿರಬೇಕು. 1943ರ ಏಪ್ರಿಲ್ 4ರ ರಾತ್ರಿ 'ಲೇಡಿ ಬಿ ಗುಡ್' ಎಂಬ ಬಿ-24 ಇಟಲಿಯ ಮೇಲಿನ ದಾಳಿಯಿಂದ ಲಿಬಿಯಾದ ನೆಲೆಗೆ ಮರಳುತ್ತಿತ್ತು. ಕತ್ತಲಲ್ಲಿ ನೆಲೆಯನ್ನು ದಾಟಿ ಸಹಾರಾದ ಒಳಕ್ಕೆ ಹೋಗಿಬಿಟ್ಟಿತು. ಇಂಧನ ಮುಗಿಯುವ ಹೊತ್ತಿಗೆ ಒಂಬತ್ತೂ ಜನ ಹಾರಿದರು. ಕೆಳಗೆ ಸೇರಿದ ಎಂಟು ಜನ ಸಮುದ್ರ ಹತ್ತಿರವೇ ಇದೆ ಎಂದುಕೊಂಡು ವಾಯವ್ಯಕ್ಕೆ ನಡೆದರು. ಸಮುದ್ರ 600 ಕಿ.ಮೀ.ಗಿಂತ ದೂರದಲ್ಲಿತ್ತು. ಇದ್ದದ್ದು ಅರ್ಧ ಬಾಟಲಿ ನೀರು. ಸಹಪೈಲಟ್ ರಾಬರ್ಟ್ ಟೋನರ್ ಡೈರಿಯ ಪ್ರಕಾರ ದಿನಕ್ಕೆ ಒಬ್ಬೊಬ್ಬರಿಗೆ ಒಂದು ಮುಚ್ಚಳ. ಏಪ್ರಿಲ್ 12ಕ್ಕೆ ಡೈರಿ ನಿಲ್ಲುತ್ತದೆ. ಒಬ್ಬರೂ ಉಳಿಯಲಿಲ್ಲ.

ಪೈಲಟ್ ಇಲ್ಲದ ವಿಮಾನ ದಕ್ಷಿಣಕ್ಕೆ ಇನ್ನಷ್ಟು ದೂರ ಹೋಗಿ ತಾನಾಗಿ ನೆಲಕ್ಕಿಳಿದಿತ್ತು. 1958ರಲ್ಲಿ ಎಣ್ಣೆ ನಿಕ್ಷೇಪ ಹುಡುಕುವವರ ಕಣ್ಣಿಗೆ ಬಿತ್ತು. ಒಳಗೆ ನೀರಿತ್ತು. ಥರ್ಮಾಸಲ್ಲಿ ಕಾಫಿ ಇತ್ತು. ರೇಡಿಯೋ ಆಗಲೂ ಕೆಲಸ ಮಾಡುತ್ತಿತ್ತು. ಅವರು ನಡೆದದ್ದು ಅದಕ್ಕೆ ಬೆನ್ನು ಹಾಕಿ.

ಅವರನ್ನು ದೂರುವುದು ಸುಲಭ. ವಿಮಾನ ಎಲ್ಲಿ ಬಿತ್ತು ಅಂತ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೆ ನಿಮ್ಮ ವಾಹನ ಕಣ್ಣೆದುರೇ ಇದ್ದರೆ, ದಯವಿಟ್ಟು ಅದನ್ನು ಬಿಟ್ಟು ಹೋಗಬೇಡಿ.

*ಮೂರು: ಇಲ್ಲಿಂದ ನಾನು ಮೇಲಿನವರಿಗೆ ಕಾಣುತ್ತೇನಾ?*

ಇದಕ್ಕೆ "ಇಲ್ಲ" ಅನ್ನುವುದೊಂದೇ ಹೊರಡಲು ಒಳ್ಳೆಯ ಕಾರಣ. ನ್ಯೂಗಿನಿಯಲ್ಲಿ ಆದದ್ದು ಅದೇ. ದಟ್ಟ ಕಾಡಿನ ಮರಗಳ ನಡುವೆ ಬಿದ್ದ ವಿಮಾನ ಮೇಲಿನಿಂದ ಕಾಣುವಂತಿರಲಿಲ್ಲ. ದೂರದ ಇಳಿಜಾರಲ್ಲಿ ಬಯಲಿನಂಥದ್ದೊಂದು ಮೆಕಾಲಮ್ ಕಣ್ಣಿಗೆ ಬಿದ್ದಿತ್ತು. ಗಾಯಗೊಂಡ ಇಬ್ಬರನ್ನು ಕರೆದುಕೊಂಡು ಆತ ಹಳ್ಳದ ಜಾಡು ಹಿಡಿದು ಇಳಿದ. ಮೇ 16ರಂದು ಅಲ್ಲಿ ತಲುಪಿ ಹಳದಿ ಟಾರ್ಪಾಲು ಹಾಸಿದರು. ಅದೇ ದಿನ ಬಿ-17 ವಿಮಾನವೊಂದು ಅವರನ್ನು ಕಂಡಿತು. ಇದನ್ನು ಗಮನಿಸಿ: ಅವರು ಊರು ಹುಡುಕಿಕೊಂಡು ಹೋಗಲಿಲ್ಲ, ಮರ ಇಲ್ಲದ ಜಾಗ ಹುಡುಕಿಕೊಂಡು ಹೋದರು.

ಮೂರಕ್ಕೂ ಉತ್ತರ ಕೆಟ್ಟದಾಗಿದ್ದರೆ? ಅಲಾಸ್ಕಾದ ಕ್ರೇನ್‌ಗೆ ಹಾಗಾಯಿತು. ಬೆಂಕಿ ಹಾಕಿಕೊಂಡು ವಾರ ಕಳೆದರೂ ಯಾರೂ ಬರಲಿಲ್ಲ. ತಿನ್ನಲು ಏನೂ ಇರಲಿಲ್ಲ. ಆಮೇಲೆ ಹೆಪ್ಪುಗಟ್ಟಿದ ನದಿಯ ಜೊತೆಗೇ ಕೆಳಮುಖವಾಗಿ ನಡೆದ. ದಾರಿಯಲ್ಲಿ ಬೇಟೆಗಾರನೊಬ್ಬನ ಗುಡಿಸಲು ಸಿಕ್ಕಿತು. ಒಳಗೆ ದಿನಸಿ ಇತ್ತು, ಕೈಗವಸೂ ಇತ್ತು. ಅಲ್ಲಿ ಚೇತರಿಸಿಕೊಂಡು ಮತ್ತೆ ಹೊರಟು ಮಾರ್ಚ್‌ನಲ್ಲಿ ಜನರಿರುವ ಕಡೆ ತಲುಪಿದ. ಅವನ ಕಥೆ ಓದಿ ಹುರುಪುಗೊಳ್ಳುವ ಮೊದಲು ಒಂದು ಮಾತು: ಆ ಗುಡಿಸಲು ಸಿಗದೇ ಇದ್ದಿದ್ದರೆ ಈ ಕಥೆ ಹೇಳಲು ಅವನೇ ಇರುತ್ತಿರಲಿಲ್ಲ.

ಹೊರಡಲೇಬೇಕು ಅಂತಾದರೆ ಯಾರು, ಯಾವತ್ತು, ಯಾವ ಕಡೆಗೆ ಅಂತ ಚೀಟಿ ಬರೆದಿಟ್ಟು, ನೆಲದ ಮೇಲೆ ದೊಡ್ಡ ಬಾಣದ ಗುರುತು ಮಾಡಿ ಹೋಗಿ. ಸಹಾರಾದ ಆ ಎಂಟು ಜನ ಬೂಟು, ಪ್ಯಾರಾಚೂಟಿನ ಚೂರುಗಳಿಂದ ಬಾಣದ ಗುರುತು ಮಾಡುತ್ತಾ ನಡೆದಿದ್ದರು. ವರ್ಷಗಳ ನಂತರ ಅವರ ಜಾಡು ಸಿಕ್ಕಿದ್ದು ಅದರಿಂದಲೇ.

ಹಂತ 3: ಕಣ್ಣಿಗೆ ಬೀಳಿ

ಮೇಲಿನಿಂದ ಮನುಷ್ಯ ಕಾಣುವುದಿಲ್ಲ. ಕಾಣುವುದು ನೇರ ಗೆರೆ, ಬೇರೆ ಬಣ್ಣ, ಹೊಗೆ, ಮಿಂಚು.

ನೆಲದ ಗುರುತು: ಅಂತರರಾಷ್ಟ್ರೀಯ ನಿಯಮದಲ್ಲಿ ವಿ ಆಕಾರ ಅಂದರೆ ಸಹಾಯ ಬೇಕು. ಗುಣಾಕಾರದ ಚಿಹ್ನೆಯಂಥ ಅಡ್ಡಗೆರೆಗಳು ಅಂದರೆ ಡಾಕ್ಟರ್ ಬೇಕು. ಬಾಣ ಅಂದರೆ ಈ ಕಡೆ ಹೋಗಿದ್ದೇವೆ. ಕನಿಷ್ಠ ಎರಡೂವರೆ ಮೀಟರ್ ಉದ್ದ ಇರಬೇಕು, ದೊಡ್ಡದಾದಷ್ಟೂ ಒಳ್ಳೆಯದು. ಹಸಿರು ನೆಲದ ಮೇಲೆ ಹಸಿರು ಸೊಪ್ಪು ಜೋಡಿಸಿ ಪ್ರಯೋಜನವಿಲ್ಲ. ಹುಲ್ಲು ಕೆರೆದು ಮಣ್ಣು ಕಾಣುವಂತೆ ಮಾಡಿ, ಅಥವಾ ಬಣ್ಣದ ಬಟ್ಟೆ ಹಾಸಿ.

ಹೊಗೆ: ಕಾಡಲ್ಲಿ ಬಿಳಿ ಹೊಗೆ ಬೇಕು, ಉರಿಯುವ ಬೆಂಕಿಗೆ ಹಸಿ ಸೊಪ್ಪು ಹಾಕಿ. ಹಿಮದಲ್ಲಿ, ಮರಳಲ್ಲಿ ಕಪ್ಪು ಹೊಗೆ ಬೇಕು, ಎಂಜಿನ್ ಎಣ್ಣೆಯೋ ಟೈರಿನ ಚೂರೋ ಹಾಕಿ. ಮೂರು ಬೆಂಕಿ, ಮೂರು ಸೀಟಿ, ಹೀಗೆ ಯಾವುದನ್ನೇ ಮೂರು ಸಲ ಮಾಡಿದರೂ ಅಪಾಯದ ಸೂಚನೆ. ಜನ ಮಾಡುವ ತಪ್ಪೇನೆಂದರೆ, ವಿಮಾನದ ಸದ್ದು ಕೇಳಿದ ಮೇಲೆ ಕಟ್ಟಿಗೆ ಹುಡುಕಲು ಓಡುವುದು. ಹೊಗೆ ಮರಗಳ ಮೇಲೆ ಏಳುವ ಹೊತ್ತಿಗೆ ವಿಮಾನ ಹೋಗಿರುತ್ತದೆ. ಮೂರು ರಾಶಿ ಮೊದಲೇ ಒಟ್ಟಿ, ಮಳೆಗೆ ನೆನೆಯದಂತೆ ಮುಚ್ಚಿಡಿ.

ಕನ್ನಡಿ: ಒಂದು ಕೈ ಮುಂದೆ ಚಾಚಿ ಎರಡು ಬೆರಳು ವಿ ಥರ ಅಗಲಿಸಿ, ಆ ಸಂದಿಯಲ್ಲಿ ವಿಮಾನ ಕಾಣುವಂತೆ ಹಿಡಿಯಿರಿ. ಇನ್ನೊಂದು ಕೈಯ ಕನ್ನಡಿಯ ಬೆಳಕು ಆ ಬೆರಳುಗಳ ಮೇಲೆ ಬೀಳುವಂತೆ ತಿರುಗಿಸಿ, ಮೆಲ್ಲಗೆ ಅಲ್ಲಾಡಿಸಿ. ಮೊಬೈಲಿನ ಕಪ್ಪು ಗಾಜೂ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.

ರೇಡಿಯೋ: ಯುದ್ಧಕಾಲದಲ್ಲಿ 'ಗಿಬ್ಸನ್ ಗರ್ಲ್' ಎಂಬ ಹಳದಿ ಪೆಟ್ಟಿಗೆ ಇತ್ತು. ನಡು ಸಣ್ಣಗಿದ್ದ ಅದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಡಿಕೆ ತಿರುಗಿಸಿದರೆ ತಾನಾಗಿ ಎಸ್‌ಓಎಸ್ ಹೋಗುತ್ತಿತ್ತು. ಏರಿಯಲ್ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಬಿಡುತ್ತಿದ್ದರು. ಈಗಿನ ವಿಮಾನಗಳಲ್ಲಿ ಇಎಲ್‌ಟಿ ಇರುತ್ತದೆ. ಅಂದರೆ ಜೋರಾಗಿ ಬಡಿದ ಕೂಡಲೇ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ ಪೆಟ್ಟಿಗೆ. ಭಾರತದ ಸುತ್ತಮುತ್ತ ಹೊರಟ ಅಂಥ ಸಂಕೇತ ಮೊದಲು ಬಂದು ಸೇರುವುದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ. ಅಲ್ಲಿಂದ ರಕ್ಷಣಾ ತಂಡಕ್ಕೆ ಸುದ್ದಿ ಹೋಗುತ್ತದೆ. ಪೆಟ್ಟಿಗೆ ಸರಿ ಇದ್ದರೆ ಅದನ್ನು ಬಿಚ್ಚಿ ನೋಡುವ ಸಾಹಸ ಬೇಡ. ಏರಿಯಲ್ ಮುರಿದಿಲ್ಲವಷ್ಟೇ ನೋಡಿಕೊಳ್ಳಿ.

ಹಂತ 4: ನೆರಳು, ನೀರು, ಆಮೇಲೆ ಅನ್ನ

ಈ ಅನುಕ್ರಮ ತಪ್ಪಿಸಬೇಡಿ. ಊಟ ಇಲ್ಲದೆ ವಾರಗಟ್ಟಲೆ ಇರಬಹುದು. ನೀರಿಲ್ಲದೆ ಕೆಲವೇ ದಿನ. ಚಳಿಯಲ್ಲಿ ಒದ್ದೆಯಾಗಿ ಮರೆ ಇಲ್ಲದಿದ್ದರೆ ಒಂದು ರಾತ್ರಿಯೂ ಕಷ್ಟ.

ಬಿಸಿಲಲ್ಲಿ ವಿಮಾನದ ಒಳಗೆ ಕೂರಬೇಡಿ, ತಗಡು ಕಾದಿರುತ್ತದೆ. ರೆಕ್ಕೆಯ ನೆರಳಲ್ಲಿ ಇರಿ. ಚಳಿಯಲ್ಲೂ ಬರೀ ತಗಡಿನ ಮೇಲೆ ಮಲಗಬೇಡಿ, ಮೈಯ ಬಿಸಿ ಎಳೆದುಕೊಳ್ಳುತ್ತದೆ. ಸೀಟಿನ ಸ್ಪಂಜನ್ನೋ ಪ್ಯಾರಾಚೂಟನ್ನೋ ಅಡಿಗೆ ಹಾಸಿ. ನೀರು ಕಡಿಮೆ ಇದ್ದರೆ ಹಗಲು ಅಲುಗಾಡುವುದನ್ನು ಕಡಿಮೆ ಮಾಡಿ. ಬಾಯಾರಿದಾಗ ಕುಡಿಯದೆ ಬಾಟಲಿ ಕಾಪಾಡಿದವರು ಬಾಟಲಿ ಪಕ್ಕದಲ್ಲೇ ಬಿದ್ದದ್ದುಂಟು. ಹಿಮವನ್ನು ಹಾಗೇ ತಿನ್ನಬೇಡಿ, ಕರಗಿಸಿ ಕುಡಿಯಿರಿ.

ಪಾದಕ್ಕೆ ಬೇರೆಯೇ ಗಮನ ಬೇಕು. ಗ್ರೀನ್‌ಲ್ಯಾಂಡಿನ ಹಿಮದ ಮೇಲೆ 1942ರ ನವೆಂಬರ್ 9ರಂದು ಬಿದ್ದ ಬಿ-17ರ ಒಂಬತ್ತು ಜನರಲ್ಲಿ ಒಬ್ಬರಿಗೆ ಫ್ರಾಸ್ಟ್‌ಬೈಟ್ ಆಯಿತು. ಚಳಿಗೆ ರಕ್ತ ಓಡದೆ ಮಾಂಸ ಸಾಯುವುದೇ ಫ್ರಾಸ್ಟ್‌ಬೈಟ್. ಕೊನೆಗೆ ಎರಡೂ ಪಾದ ಕಳೆದುಕೊಂಡರು. ಬೆರಳು ಮರಗಟ್ಟಿದರೆ ಉಜ್ಜಬೇಡಿ, ಹಿಮವಂತೂ ಸವರಲೇಬೇಡಿ. ಇನ್ನೊಬ್ಬರ ಕಂಕುಳಲ್ಲಿ ಇಟ್ಟು ಬಿಸಿ ಮಾಡಿ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಕರಗಿಸಲೇ ಹೋಗಬೇಡಿ, ಹಾನಿ ಜಾಸ್ತಿ. ಮಳೆಕಾಡಲ್ಲಿ ಕಾಟ ಬೇರೆ: ಉಂಬಳ ಕಚ್ಚಿದರೆ ಎಳೆದು ಕೀಳಬೇಡಿ, ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ. ರಾತ್ರಿ ಬೂಟು ಕಳಚಿ ಪಾದ ಒಣಗಿಸಿ.

ಹಂತ 5: ದಿನಕ್ಕೊಂದು ವೇಳಾಪಟ್ಟಿ

ಅದೇ ಗ್ರೀನ್‌ಲ್ಯಾಂಡಿನ ತಂಡ ಮುರಿದ ಬಾಲದ ಭಾಗದಲ್ಲಿ ಮುದುಡಿಕೊಂಡು ಬದುಕಿತು. ರೇಡಿಯೋ ಆಪರೇಟರ್ ಲೊರೆನ್ ಹೋವರ್ತ್ ಮರಗಟ್ಟಿದ ಬೆರಳುಗಳಲ್ಲೇ ಒಡೆದ ರೇಡಿಯೋ ಜೋಡಿಸಿದ. ಅವರು ಸಿಕ್ಕಿದ್ದು ಆ ಕೆಲಸದಿಂದ. ಹಾಗಾಗಿ ಒಬ್ಬರಿಗೆ ಬೆಂಕಿ, ಒಬ್ಬರಿಗೆ ನೀರು, ಒಬ್ಬರಿಗೆ ಆಕಾಶ ಕಾಯುವುದು ಅಂತ ಹಂಚಿ. ಗಾಯಾಳುವಿಗೂ ಕೂತಲ್ಲೇ ಮಾಡುವಂಥ ಕೆಲಸ ಕೊಡಿ. ತಾರೀಖು ಬರೆದಿಡಿ. ತಿಂಡಿ ಹಂಚುವುದು ಎಲ್ಲರ ಕಣ್ಣೆದುರೇ ಆಗಲಿ, ಜಗಳ ಹುಟ್ಟುವುದು ಅಲ್ಲೇ.

ಹಿಮದ ಮೇಲಿದ್ದರೆ ಹಗ್ಗ ಕಟ್ಟಿಕೊಳ್ಳದೆ ಅಡ್ಡಾಡಬೇಡಿ. ಹಿಮನದಿಯಲ್ಲಿ ಆಳವಾದ ಸೀಳುಗಳಿರುತ್ತವೆ, ಮೇಲೆ ತೆಳು ಹಿಮ ಮುಚ್ಚಿ ಕಾಣುವುದಿಲ್ಲ. ಅವನ್ನು ಕ್ರೆವಾಸ್ ಎನ್ನುತ್ತಾರೆ. ಈ ತಂಡವನ್ನು ತಲುಪಲು ಮೋಟಾರು ಜಾರುಬಂಡಿಯಲ್ಲಿ ಬಂದ ಮ್ಯಾಕ್ಸ್ ಡೆಮೊರೆಸ್ಟ್ ವಿಮಾನದ ಹತ್ತಿರಕ್ಕೆ ಬಂದು ಅಂಥದ್ದರಲ್ಲೇ ಬಿದ್ದು ಸತ್ತರು.

ಹಂತ 6: ಊರಿನವರು ಸಿಕ್ಕಾಗ

ನಾಗಾ ಬೆಟ್ಟದಲ್ಲಿ ಇಳಿದವರಿಗೆ ತಲೆ ಕಡಿಯುವವರ ಭಯ. ನ್ಯೂಗಿನಿಯವರಿಗೂ ಅದೇ ಥರದ ಭಯ. ಎರಡೂ ಕಡೆ ಆ ಊರಿನವರು ಮನಸ್ಸು ಮಾಡದಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ನ್ಯೂಗಿನಿಯಲ್ಲಿ ಮೆಕಾಲಮ್ ಮಾಡಿದ್ದು ಇಷ್ಟು: ನಗುತ್ತಾ ನಿಂತ, ಕೈಯಲ್ಲಿ ಮಿಠಾಯಿ ಮತ್ತು ಚಿಕ್ಕ ಚಾಕು ಹಿಡಿದು ಮುಂದೆ ಚಾಚಿದ, ಕೊಡುಗೆಯಾಗಿ. ನೀವೂ ಖಾಲಿ ಕೈ ತೋರಿಸಿ. ಅವರ ಹೊಲದ ಬೆಳೆ ಕೇಳದೆ ಕೀಳಬೇಡಿ. ಹಿರಿಯರು ಯಾರು ಅಂತ ನೋಡಿ ಅವರ ಜೊತೆ ಮೊದಲು ಮಾತಾಡಿ, ಸನ್ನೆಯಲ್ಲಾದರೂ ಸರಿ.

ಯುದ್ಧಕಾಲದ ಪೈಲಟ್‌ಗಳ ಹತ್ತಿರ 'ಬ್ಲಡ್ ಚಿಟ್' ಇರುತ್ತಿತ್ತು. "ಇವನಿಗೆ ಸಹಾಯ ಮಾಡಿದವರಿಗೆ ನಮ್ಮ ಸರ್ಕಾರ ಬಹುಮಾನ ಕೊಡುತ್ತದೆ" ಎಂಬರ್ಥದ ಮಾತನ್ನು ಸ್ಥಳೀಯ ಭಾಷೆಗಳಲ್ಲಿ ಅಚ್ಚು ಹಾಕಿದ ಬಟ್ಟೆಯ ತುಂಡು. ಅರುಣಾಚಲದ ಕಾಡಲ್ಲಿ ಹಂಪ್ ಮಾರ್ಗದ ಎಷ್ಟೋ ವಿಮಾನಗಳ ಅವಶೇಷ ದಶಕಗಳ ನಂತರ ಸಿಕ್ಕಿದ್ದೂ ಅಲ್ಲಿನ ಬೇಟೆಗಾರರು ದಾರಿ ತೋರಿಸಿದ್ದರಿಂದಲೇ. ಕಾಡು ಗೊತ್ತಿರುವುದು ಅವರಿಗೆ. ಅವರು "ಆ ಕಡೆ ಬೇಡ" ಅಂದರೆ ವಾದ ಮಾಡಬೇಡಿ.

ಹಂತ 7: ವಿಮಾನ ಕಂಡಿತು, ಕೆಲಸ ಮುಗಿದಿಲ್ಲ

ವಿಮಾನ ರೆಕ್ಕೆಗಳನ್ನು ಆಚೀಚೆ ವಾಲಿಸಿದರೆ "ನೋಡಿದೆವು, ತಿಳಿಯಿತು" ಅಂತ. ಅಲ್ಲಿಂದ ನಿಮ್ಮನ್ನು ಎತ್ತಿಕೊಳ್ಳುವವರೆಗೆ ಎಷ್ಟು ದಿನವಾದರೂ ಆಗಬಹುದು. ನ್ಯೂಗಿನಿಯವರು ಮೇ 16ಕ್ಕೆ ಕಂಡರೂ ಹೊರಬಂದದ್ದು ಜೂನ್ 28ಕ್ಕೆ. ವಿಮಾನ ಇಳಿಯಲು ಜಾಗ ಇರಲಿಲ್ಲ. ಕೊನೆಗೆ ಎಂಜಿನ್ ಇಲ್ಲದ ಗ್ಲೈಡರ್ ಇಳಿಸಿ, ಹಾರುತ್ತಿದ್ದ ವಿಮಾನದ ಕೊಕ್ಕೆಯಿಂದ ಅದನ್ನು ಎಳೆದು ಮೇಲೆತ್ತಿದರು. ಗ್ರೀನ್‌ಲ್ಯಾಂಡಿನಲ್ಲಿ ಇನ್ನೂ ಕಷ್ಟ. ನವೆಂಬರ್ 28ರಂದು ಜಾನ್ ಪ್ರಿಚರ್ಡ್ ಮತ್ತು ಬೆಂಜಮಿನ್ ಬಾಟಮ್ಸ್ ಚಿಕ್ಕ ವಿಮಾನವನ್ನು ಹಿಮದ ಮೇಲೆ ಇಳಿಸಿ ಇಬ್ಬರನ್ನು ಕರೆದೊಯ್ದರು. ಮರುದಿನ ಹೋವರ್ತ್‌ನನ್ನು ಹತ್ತಿಸಿಕೊಂಡು ಹೊರಟಾಗ ಹವೆ ಕೆಟ್ಟು ಮೂವರೂ ಕಣ್ಮರೆಯಾದರು. ಉಳಿದವರಲ್ಲಿ ಕೊನೆಯ ಮೂವರು ಹೊರಬಂದದ್ದು 1943ರ ಏಪ್ರಿಲ್‌ನಲ್ಲಿ.

ಆದ್ದರಿಂದ "ಸಿಕ್ಕಿದೆವಲ್ಲ" ಅಂತ ಇದ್ದ ತಿಂಡಿ ನೀರನ್ನೆಲ್ಲ ಅವತ್ತೇ ಖಾಲಿ ಮಾಡಬೇಡಿ. ಮೇಲಿನಿಂದ ಸಾಮಾನು ಬೀಳಿಸುವಾಗ ಅದರ ಕೆಳಗೆ ಓಡಬೇಡಿ. ಹೆಲಿಕಾಪ್ಟರ್ ಬಂದರೆ ಹಾಸಿದ ಬಟ್ಟೆ, ಪ್ಲಾಸ್ಟಿಕ್ ಎಲ್ಲ ಮಡಚಿ ಅದರ ಮೇಲೆ ಕಲ್ಲು ಹೇರಿ, ಹಾರಿ ರೆಕ್ಕೆಗೆ ಸಿಕ್ಕಿದರೆ ಅದೂ ಬೀಳುತ್ತದೆ. ಹಿಂಬದಿಯಿಂದ ಹತ್ತಿರ ಹೋಗಬೇಡಿ. ಒಳಗಿನವರು ಕೈ ಮಾಡಿ ಕರೆದ ಮೇಲೆ ಬಗ್ಗಿಕೊಂಡು ಮುಂಬದಿಯಿಂದ ಹೋಗಿ. ಪೆಟ್ಟಾದವರು ಮೊದಲು ಹತ್ತಲಿ.

ಹೊರಡುವ ಮೊದಲು ಬೆಂಕಿ ಆರಿಸಿ, ನೆಲದ ಗುರುತು ಅಳಿಸಿ, ಸಂಕೇತದ ಪೆಟ್ಟಿಗೆಯನ್ನು ರಕ್ಷಣಾ ತಂಡದವರಿಗೆ ಹೇಳಿ ಆಫ್ ಮಾಡಿಸಿ. ಇಲ್ಲದಿದ್ದರೆ ಇನ್ನೊಂದು ತಂಡ ಅದೇ ಗುರುತು ನೋಡಿ ಖಾಲಿ ಜಾಗಕ್ಕೆ ಇಳಿಯುತ್ತದೆ. ಫೋನ್ ಸಿಕ್ಕಿದ ಕೂಡಲೇ ನೀವು ಚೀಟಿ ಕೊಟ್ಟು ಬಂದವರಿಗೂ, ಕಾಣೆಯಾದ ದೂರು ದಾಖಲಾಗಿರುವ ಪೊಲೀಸ್ ಠಾಣೆಗೂ ತಿಳಿಸಿ.